ರೆಕಾರ್ಡಿಂಗ್ ಮಷೀನಿಗೆ ಡ್ರೈವ್ ಹಾಕಿಸಿದೆ
ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಚಿಕ್ಕ ಕಂಪ್ಯೂಟರ್ ಅಂಗಡಿ, ಕೆಲಸ ಮಾತ್ರ ದೊಡ್ಡದು. ನಾನು ಹಾಡು ರೆಕಾರ್ಡ್ ಮಾಡುವ ಕಂಪ್ಯೂಟರಿನಲ್ಲಿ ಮೊದಲು ವಿಂಡೋಸ್, ಪ್ರಾಜೆಕ್ಟ್ (ಹಾಡಿನ ಫೈಲು), ಸ್ಯಾಂಪಲ್ (ವಾದ್ಯಗಳ ರೆಕಾರ್ಡ್ ಮಾಡಿಟ್ಟ ಸಣ್ಣ ಧ್ವನಿ ತುಣುಕು) ಎಲ್ಲಾ ಒಂದೇ ಹಳೇ ಹಾರ್ಡ್ ಡಿಸ್ಕಿನಲ್ಲಿತ್ತು. ತತ್ವಪದಕ್ಕೆ ತಬಲಾ ಸ್ಯಾಂಪಲ್ ಸೇರಿಸಿದರೆ ಸಾಕು, ಡಿಸ್ಕ್ ಕರಕರ ಅಂದು ಹಾಡು ನಡುವೆಯೇ ನಿಲ್ಲುತ್ತಿತ್ತು.

ಅಂಗಡಿಯವರು ಸುಮ್ನೆ ದುಬಾರಿ ಮಾಲು ತೋರಿಸಲಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದ ಒಂದು ಮೊನೊ (ಒಂದೇ ಚಾನೆಲಿನ) ಟ್ರ್ಯಾಕಿಗೆ ಡಿಸ್ಕ್ ಸೆಕೆಂಡಿಗೆ 144 ಕಿಲೋಬೈಟ್ ಓದಿದರೆ ಸಾಕು, 40 ಟ್ರ್ಯಾಕ್ ಆದರೂ 6 ಎಂಬಿ ದಾಟಲ್ಲ, ಕಷ್ಟ ಇರುವುದು ಸಾವಿರಾರು ಸಣ್ಣ ಸ್ಯಾಂಪಲ್‌ಗಳನ್ನು ಅಲ್ಲಲ್ಲಿಂದ ಹುಡುಕಿ ಓದುವಾಗ ಅಂತ ಬಿಲ್ಲಿನ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಕೊನೆಗೆ ವಿಂಡೋಸ್, ಪ್ರಾಜೆಕ್ಟಿಗೆ ಎನ್‌ವಿಎಂಇ (ತುಂಬಾ ವೇಗದ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಡ್ರೈವ್), ಸ್ಯಾಂಪಲ್‌ಗೆ ಕೇಬಲಿನಲ್ಲಿ ಜೋಡಿಸುವ ಸಾಟಾ ಎಸ್‌ಎಸ್‌ಡಿ, ಹಳೇ ಡಿಸ್ಕ್ ಬ್ಯಾಕಪ್‌ಗೆ.

ಮದರ್‌ಬೋರ್ಡಿನ ಎಂ.2 ಸ್ಲಾಟಿಗೆ ಎನ್‌ವಿಎಂಇ ಹಾಕಿದ ಕೂಡಲೇ ಒಂದು ಸಾಟಾ ಪೋರ್ಟ್ ಬಂದ್ ಆಗಿ ಹಳೇ ಡಿಸ್ಕ್ ಕಾಣಲೇ ಇಲ್ಲ, ನನ್ನ ಎದೆ ಧಸಕ್ಕೆಂದಿತು. ಕೇಬಲ್ ಪಕ್ಕದ ಪೋರ್ಟಿಗೆ ಹಾಕಿದರು, ಬಂತು. ಒಳಗೆ ಕೇಬಲ್ ಇನ್ನಷ್ಟು ನೀಟಾಗಿ ಕಟ್ಟಬಹುದಿತ್ತು. ಆದರೆ ಈಗ ಅದೇ ಹಾಡು ಒಂದು ಸಲವೂ ನಿಂತಿಲ್ಲ.