ನೇರಳೆ ಅಂತ ಕೊಟ್ರು, ಬಂದಿದ್ದು ಹಳದಿ

ತೀರ್ಥಹಳ್ಳಿ ರೋಡಲ್ಲಿರೋ ಒಂದು ನರ್ಸರಿಯಿಂದ ಹೋದ್ ವರ್ಷ ಮಳೆ ಹಿಡಿಯೋ ಟೈಮಲ್ಲಿ ಒಂದು ಪ್ಯಾಶನ್ ಫ್ರೂಟ್ ಸಸಿ ತಂದಿದ್ದೆ, ನೇರಳೆ ಜಾತಿ ಅಂತ ಹೇಳಿ 80 ರೂಪಾಯಿ ತಗೊಂಡ್ರು. ಸಸಿ ಬಗ್ಗೆ ಎರಡು ಮಾತಿಲ್ಲ, ಅಡಿಕೆ ದಬ್ಬೆ ಚಪ್ಪರ ದಾಟಿ ಬಚ್ಚಲುಮನೆ ಹಂಚಿನ ಮೇಲೂ ಹಬ್ಬಿಬಿಡ್ತು. ಹೂವಂತೂ ರಾಶಿ, ಅಜ್ಜಿ ದಿನಾ ಬಂದು ಸುತ್ತ ಇರೋ ಎಳೆ ಕೌರವರು, ನಡುವಿನ ಐದು ಪಾಂಡವರು, ಮೇಲಿನ ಮೂರು ತ್ರಿಮೂರ್ತಿ ಅಂತ ಎಣಿಸ್ತಿದ್ರು. ಆದ್ರೆ ಕಾಯಿ ಒಂದೂ ಇಲ್ಲ!

ಆಮೇಲೆ ನೋಡಿದ್ರೆ ಹೂ ಅರಳ್ತಿರೋದೇ ಮಧ್ಯಾಹ್ನ, ಅಂದ್ರೆ ಹಳದಿ ಜಾತಿ (ನೇರಳೆದು ಬೆಳಗ್ಗೇನೇ ಅರಳುತ್ತೆ), ಅದಕ್ಕೆ ಸಾಮಾನ್ಯವಾಗಿ ತನ್ನ ಪರಾಗ ಆಗಿಬರಲ್ಲ, ಬೇರೆ ಬಳ್ಳಿದೇ ಬೇಕು. ಕೊನೆಗೆ ಕೋಣಂದೂರಿನ ಚಿಕ್ಕಮ್ಮನ ಮನೆ ಬಳ್ಳಿ ಹೂ ಟಿಫನ್ ಡಬ್ಬಿಲಿ ಹಾಕ್ಕೊಂಡು ಬಸ್ಸಲ್ಲಿ ತಂದು, ಸಂಜೆ ಹೂ ಮುದುಡೋದ್ರೊಳಗೆ ಮುಟ್ಟಿಸಿದ್ಮೇಲೆ 14 ಕಾಯಿ ಕಚ್ತು. ನರ್ಸರಿಲಿ ಕೇಳಿದ್ರೆ "ಯಾವ್ದಾದ್ರೂ ಹಣ್ಣೇ ಅಲ್ವಾ ಸಾರ್" ಅಂತಾರೆ.

ಸಸಿಗೆ ನಾಲ್ಕು ಸ್ಟಾರ್, ಮಾತಿಗೆ ಒಂದು. ಹಳದಿ ತಗೊಂಡ್ರೆ ಬೇರೆ ಬೇರೆ ಕಡೆಯಿಂದ ಎರಡು ತಗೊಳಿ, ಬುಡ ಏರಿಸಿ ನೆಡಿ, ನಮ್ ಕಡೆ ಮಳೆಗೆ ನೀರು ನಿಂತ್ರೆ ಬೇರು ಕೊಳ್ತೋಗುತ್ತೆ.