ಅಮ್ಮನ ಇನ್ಸುಲಿನ್ ಸೂಜಿ ಮತ್ತು ನಮ್ಮ ಸರ್ಕಾರಿ ಆಸ್ಪತ್ರೆ: ಆರು ವರ್ಷದ ಅನುಭವ

ಇನ್ಸುಲಿನ್ ಕೊಡುವ ವಿಷಯದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗೆ ಐದಕ್ಕೆ ನಾಲ್ಕು ಸ್ಟಾರ್. ಚುಚ್ಚಿಯಾದ ಸೂಜಿ ವಾಪಸ್ ತಗೊಳ್ಳುವ ವಿಷಯದಲ್ಲಿ ಎಷ್ಟು ಅಂತ ಕೇಳಿದರೆ, ಆವತ್ತು ಯಾವ ಸಿಸ್ಟರ್ ಡ್ಯೂಟಿಯಲ್ಲಿದ್ದಾರೆ ಅಂತ ನೋಡಿ ಹೇಳಬೇಕು.

ಮಾತ್ರೆಗೆ ಸಕ್ಕರೆ ಬಗ್ಗದೇ ಹೋದಾಗ, 2019ರಲ್ಲಿ, ಅಮ್ಮನಿಗೆ ಇನ್ಸುಲಿನ್ ಶುರುವಾಯಿತು. ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು. ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ನೋಡಿ, ಪುಸ್ತಕದಲ್ಲಿ ಬರೆದು, ತಿಂಗಳಿಗಾಗುವಷ್ಟು ಔಷಧಿ ಪುಕ್ಕಟೆ ಕೊಡುತ್ತಾರೆ. ಕ್ಯೂ ಉದ್ದ, ಕುರ್ಚಿ ಕಡಿಮೆ, ಆದರೆ ಡಾಕ್ಟರ್ ಪಾದ ತೋರಿಸಿ ಅಂತ ಕೇಳಿ ಬೆರಳು ಸಂದಿಯೆಲ್ಲ ನೋಡುತ್ತಾರೆ. ದುಡ್ಡು ಕೊಟ್ಟು ಹೋಗಿದ್ದ ಕಡೆ ಯಾರೂ ಅಮ್ಮನ ಚಪ್ಪಲಿ ಬಿಡಿಸಿರಲಿಲ್ಲ. ಒಂದು ಸ್ಟಾರ್ ಕತ್ತರಿಸಿದ್ದು ‘ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಎನ್ನುವ ಮಾತಿಗೆ.

ಸ್ಟಾಕ್ ಇಲ್ಲದ ತಿಂಗಳಲ್ಲಿ ಮೆಡಿಕಲ್ ಸ್ಟೋರಿನಿಂದ ಇನ್ಸುಲಿನ್ ಪೆನ್ ತರುತ್ತೇವೆ, ಅಂದರೆ ಪೆನ್ನಿನಂಥ ಸಾಧನದ ತುದಿಗೆ ಸಣ್ಣ ಸೂಜಿ ಸಿಕ್ಕಿಸಿ ಚುಚ್ಚಿಕೊಳ್ಳುವುದು. ಇಲ್ಲೊಂದು ಎಚ್ಚರ ಹೇಳಿಬಿಡುತ್ತೇನೆ. ನಮಗೆ ಆಸ್ಪತ್ರೆಯಲ್ಲಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಪೆನ್ನಿನದರಲ್ಲಿ 100. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತದೆ. ನಮ್ಮ ಮನೆಯಲ್ಲಿ ಎರಡೂ ಇರುವುದರಿಂದ ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದೇವೆ.

ಈಗ ಸೂಜಿ. ದಿನಕ್ಕೆರಡು ಅಂದರೆ ವರ್ಷಕ್ಕೆ 730. ಒಂದು ಸಲಕ್ಕೆ ಒಂದೇ ಸೂಜಿ ಅಂತ ಡಾಕ್ಟರ್ ಹೇಳುತ್ತಾರೆ. ಪೆನ್ನಿನ ಸೂಜಿಯನ್ನು ಅಮ್ಮ ಎರಡು ದಿನ ಓಡಿಸುತ್ತಾರೆ, ಬೈದರೂ ಕೇಳಲ್ಲ. ಶುಗರ್ ನೋಡಲು ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ ಬೇರೆ. ಮೊದಲ ಎರಡು ವರ್ಷ ಇದನ್ನೆಲ್ಲ ಖಾಲಿ ಹಾಲಿನ ಕವರಿಗೆ ತುಂಬಿ, ಗಂಟು ಹಾಕಿ, ಒಣಕಸದ ಜೊತೆ ಗಾಡಿಗೆ ಕೊಡುತ್ತಿದ್ದೆವು. ಮುಚ್ಚಳ ಹಾಕಿದ್ದೇವಲ್ಲ ಎನ್ನುವ ಧೈರ್ಯ.

2021ರಲ್ಲಿ ಒಂದು ಬೆಳಿಗ್ಗೆ ಕಸದ ಗಾಡಿಯ ಅಕ್ಕ ನಮ್ಮ ಗೇಟಿನ ಮುಂದೆಯೇ ಕೈ ಒದರಿದರು. ತೆಳು ಗ್ಲೌಸ್, ಹೆಬ್ಬೆರಳ ಪಕ್ಕ ಒಂದು ಹನಿ ರಕ್ತ. ‘ಏನಮ್ಮಾ ಇದು, ಸೂಜಿ ಹಾಕಿದ್ದೀರಲ್ಲ’ ಅಂದರು, ಅಷ್ಟೇ. ನಲ್ಲಿ ಕೆಳಗೆ ಸೋಪು ಹಾಕಿ ತೊಳೆಸಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಓಡಿದೆ. ಅಲ್ಲಿ ಮೊದಲು ಕೇಳಿದ್ದು ಸೂಜಿ ಯಾರದ್ದು ಅಂತ. ಅಮ್ಮನನ್ನೂ ಕರೆಸಿ ರಕ್ತ ತೆಗೆದರು. ‘ನಂಗೇನ್ ಏಡ್ಸ್ ಇದ್ಯಾ?’ ಅಂತ ಅಮ್ಮ ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಎಚ್‌ಐವಿಗಿಂತ ಹೆಪಟೈಟಿಸ್ ಬಿ ಸೂಜಿಯಿಂದ ಸುಲಭವಾಗಿ ಹರಡುತ್ತದೆ, ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ಎಚ್‌ಐವಿ ತಡೆಯುವ ಮಾತ್ರೆ ಬೇಕಾಗಿ ಬಂದರೆ 72 ಗಂಟೆಯೊಳಗೆ ಶುರುಮಾಡಬೇಕಂತೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅಮ್ಮನ ರಿಪೋರ್ಟ್ ಸರಿಯಿತ್ತು, ಮಾತ್ರೆ ಬೇಕಾಗಲಿಲ್ಲ. ದಿನಾ ಊರ ಕಸ ಮುಟ್ಟುವ ಆ ಅಕ್ಕನಿಗೆ ಹೆಪಟೈಟಿಸ್ ಬಿ ಲಸಿಕೆಯೇ ಆಗಿರಲಿಲ್ಲ. ಆವತ್ತು ಮೊದಲ ಡೋಸ್ ಹಾಕಿದರು. ಮುಂದಿನೆರಡಕ್ಕೆ, ರಕ್ತ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಏನೂ ಆಗಲಿಲ್ಲ. ಆಗದಿದ್ದದ್ದು ನಮ್ಮ ಜಾಣತನದಿಂದಲ್ಲ.

ಆಗ ಎನ್‌ಸಿಡಿ ಕ್ಲಿನಿಕ್‌ನಲ್ಲಿದ್ದ ಸಿಸ್ಟರ್ ನನ್ನನ್ನು ಒಳಗೆ ಕರೆದು ಬಿಳಿ ಡಬ್ಬಿ ತೋರಿಸಿದರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯ ಕಸಕ್ಕೆ ಹಳದಿ, ಕೆಂಪು, ನೀಲಿ, ಬಿಳಿ ಅಂತ ನಾಲ್ಕು ಬಣ್ಣ. ಸೂಜಿ, ಬ್ಲೇಡು ಬಿಳಿಯದಕ್ಕೆ. ಚುಚ್ಚಿದರೆ ತೂತಾಗಬಾರದು, ಸೋರಬಾರದು, ಒಳಗೆಷ್ಟು ತುಂಬಿದೆ ಅಂತ ಹೊರಗಿಂದ ಕಾಣಬೇಕು. ಮುಕ್ಕಾಲು ತುಂಬಿದರೆ ಮುಚ್ಚಿಬಿಡಬೇಕು. ಅಲ್ಲಿಂದ ಸಂಸ್ಕರಣಾ ಘಟಕಕ್ಕೆ ಹೋಗಿ, ಬಿಸಿಯಲ್ಲಿ ಕ್ರಿಮಿ ಸಾಯಿಸಿ, ಆಮೇಲೆ ಪುಡಿ ಮಾಡುತ್ತಾರೆ. ‘ನೀವು ಗಟ್ಟಿ ಬಾಟಲಿಗೆ ತುಂಬಿ ತನ್ನಿ, ನಮ್ಮದರ ಜೊತೆ ಕಳಿಸ್ತೀನಿ. ಮುಚ್ಚಳ ವಾಪಸ್ ಹಾಕೋಕೆ ಹೋಗ್ಬೇಡಿ, ಚುಚ್ಕೊಳ್ಳೋದು ಅವಾಗ್ಲೇ’ ಅಂದರು.

ಬಾಟಲಿ ಹುಡುಕುವುದೇ ಒಂದು ಕಥೆ. ನೀರಿನ ಬಾಟಲಿಯನ್ನು ಸೂಜಿ ತೂರಿಕೊಂಡು ಬರುತ್ತದೆ. ಗಾಜಿನದು ಬಿದ್ದರೆ ಎರಡೆರಡು ಅಪಾಯ. ಹಾರ್ಲಿಕ್ಸ್ ಡಬ್ಬಿಯ ಬಾಯಿ ಅಗಲ, ಮೊಮ್ಮಕ್ಕಳ ಕೈ ಹೋಗುತ್ತದೆ. ಕೊನೆಗೆ ನಿಂತದ್ದು ಬಟ್ಟೆಗೆ ಹಾಕುವ ಕಂಡೀಷನರ್‌ನ ದಪ್ಪ ಪ್ಲಾಸ್ಟಿಕ್ ಬಾಟಲಿ. ತಿರುಪಿನ ಮುಚ್ಚಳ, ಸಣ್ಣ ಬಾಯಿ, ಪೆನ್ ಸೂಜಿ ಸಲೀಸಾಗಿ ಇಳಿಯುತ್ತದೆ. ‘ಸೂಜಿ ಇದೆ, ಮುಟ್ಟಬೇಡಿ’ ಅಂತ ಅಮ್ಮನೇ ಬರೆದು ಅಂಟಿಸಿದ್ದಾರೆ. ಆನ್‌ಲೈನಿನಲ್ಲಿ ಸೂಜಿ ಸುಡುವ ಮಿಷನ್ನೂ ತರಿಸಿ ನೋಡಿದೆ. ಸಿರಿಂಜಿನ ಸೂಜಿಯನ್ನು ಚರ್ ಅಂತ ಸುಡುತ್ತದೆ, ಆದರೆ ಪೆನ್ನಿನ 4 ಮಿಲಿಮೀಟರ್ ಸೂಜಿ ಅದರ ಒಳಗೆ ಮುಟ್ಟುವುದೇ ಇಲ್ಲ. ದುಡ್ಡು ದಂಡ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಸಿಸ್ಟರ್‌ಗೆ ವರ್ಗ. ಹೊಸಬರು ಬಾಟಲಿ ನೋಡಿ ‘ಇದು ನಮ್ಮ ಆಸ್ಪತ್ರೆ ಕಸ ಅಲ್ಲ, ಬಾರ್‌ಕೋಡ್ ಹಾಕಿ ತೂಕದ ಲೆಕ್ಕ ಕೊಡಬೇಕು, ಪುರಸಭೆಗೆ ಕೊಡಿ’ ಅಂದರು. ಅವರ ಮಾತಲ್ಲಿ ಸುಳ್ಳಿರಲಿಲ್ಲ. ಪುರಸಭೆಯಲ್ಲಿ ಕೇಳಿದರೆ ‘ಮೆಡಿಕಲ್ ಕಸ ನಾವು ಮುಟ್ಟೋ ಹಾಗಿಲ್ಲ, ಆಸ್ಪತ್ರೆಗೆ ಕೊಡಿ.’ 2016ರ ಘನತ್ಯಾಜ್ಯ ನಿಯಮದಲ್ಲಿ ಮನೆಯ ಸೂಜಿ, ಸಿರಿಂಜನ್ನು ಗೃಹ ಅಪಾಯಕಾರಿ ತ್ಯಾಜ್ಯ ಎಂದೇ ಹೆಸರಿಸಿದ್ದರು. 20 ಚದರ ಕಿಲೋಮೀಟರಿಗೊಂದು ಸಂಗ್ರಹ ಕೇಂದ್ರ ಮಾಡಿ, ಅದರ ಸಮಯವನ್ನೂ ಜನರಿಗೆ ತಿಳಿಸಬೇಕು ಅಂತ ಸ್ಥಳೀಯ ಸಂಸ್ಥೆಗೆ ಹೇಳಿದ್ದರು. ಪ್ರಿಂಟ್ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ‘ಬಿಟ್ಟು ಹೋಗಿ, ನೋಡ್ತೀವಿ’ ಅಂದರು. ಅರ್ಧ ವರ್ಷ ಮೂರು ಬಾಟಲಿ ನಮ್ಮ ಅಟ್ಟದ ಮೇಲೆ ಕೂತಿದ್ದವು. ಇನ್ಸುಲಿನ್ ಕೊಡಲು ರಿಜಿಸ್ಟರ್, ಸಹಿ, ಸೀಲು ಎಲ್ಲ ಇದೆ. ಅದೇ ಕಿಟಕಿಯಲ್ಲಿ ಸೂಜಿ ವಾಪಸ್ ಬರೆದುಕೊಳ್ಳಲು ಒಂದು ಕಾಲಂ ಇಲ್ಲ.

ದಾರಿ ಮಾಡಿಕೊಟ್ಟದ್ದು ನಮ್ಮ ಬೀದಿಯ ಆಶಾ ಅಕ್ಕ, ಅಂದರೆ ಆಶಾ ಕಾರ್ಯಕರ್ತೆ. ಬಡಾವಣೆಯಲ್ಲಿ ಇನ್ಸುಲಿನ್ ತಗೊಳ್ಳುವ ಒಂಬತ್ತು ಮನೆಯವರನ್ನು ಸೇರಿಸಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಈಗ ವಾರಕ್ಕೊಂದು ದಿನ ತಗೊಳ್ಳುತ್ತಾರೆ, ಆದರೆ ಬಾಯಿಮಾತಿನಲ್ಲಿ. ಎಲ್ಲೂ ಬೋರ್ಡ್ ಇಲ್ಲ. ಡಾಕ್ಟರ್‌ಗೂ ವರ್ಗವಾದರೆ ಮತ್ತೆ ಅಟ್ಟವೇ ಗತಿ. ಅದಕ್ಕೇ ಈ ಭಾಗಕ್ಕೆ ಎರಡೂವರೆ ಸ್ಟಾರ್, ಆ ಅರ್ಧ ಆಶಾ ಅಕ್ಕನಿಗೆ.

ನಮ್ಮ ಕಡೆಯವರು ಓದುತ್ತಿದ್ದರೆ: ಗುರುವಾರ, ಬೆಳಿಗ್ಗೆ ಹನ್ನೊಂದರೊಳಗೆ, ಹಿಂದಿನ ಗೇಟು. ಬಾಟಲಿಯ ಮುಚ್ಚಳಕ್ಕೆ ಟೇಪ್ ಸುತ್ತಿರಬೇಕು. ಕಸ ಒಯ್ಯುವ ಗಾಡಿ ಬಂದು ಹೋದ ಮೇಲೆ ತಗೊಳ್ಳಲ್ಲ.