ಕುಮಟಾ–ಗೋಕರ್ಣ ಕಡಲತೀರ ನಡಿಗೆಯ ಪ್ಯಾಕೇಜ್: ಊಟಕ್ಕೆ ಪೂರ್ಣ ಅಂಕ, ವೇಳಾಪಟ್ಟಿಗೆ ಅಲ್ಲ

ಕುಮಟಾದಿಂದ ಗೋಕರ್ಣದವರೆಗೆ ಕಡಲ ಅಂಚಿನಲ್ಲೇ ಸಾಗುವ ಎರಡು ದಿನಗಳ ನಡಿಗೆಯನ್ನು ಬೆಂಗಳೂರಿನ ಹಲವು ಚಾರಣ ಸಂಸ್ಥೆಗಳು ವಾರಾಂತ್ಯದ ಪ್ಯಾಕೇಜ್ ಆಗಿ ನಡೆಸುತ್ತಿವೆ. ಅಂಥ ಒಂದು ಸಂಸ್ಥೆಯ ಜೊತೆ ಕಳೆದ ಚಳಿಗಾಲದಲ್ಲಿ ಹೋಗಿ ಬಂದವನ ವಿಮರ್ಶೆ ಇದು. ತಲೆಗೆ ಮೂರೂವರೆ ಸಾವಿರ ರೂಪಾಯಿಯ ಶುಲ್ಕದಲ್ಲಿ ಹೋಗಿಬರುವ ಬಸ್ಸು, ಒಂದು ರಾತ್ರಿಯ ವಾಸ, ಊಟ–ತಿಂಡಿ, ಮಾರ್ಗದರ್ಶಕರ ಸೇವೆ ಮತ್ತು ದೋಣಿಯ ಖರ್ಚು ಸೇರಿದ್ದವು. ಸಂಸ್ಥೆಯ ಹೆಸರನ್ನು ಹೇಳುತ್ತಿಲ್ಲ. ಇಲ್ಲಿ ಆಕ್ಷೇಪಿಸಿರುವ ವೇಳಾಪಟ್ಟಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬೇರೆಯವರ ಜಾಹೀರಾತುಗಳಲ್ಲಿಯೂ ಕಾಣುವುದರಿಂದ ಒಬ್ಬರನ್ನೇ ಎತ್ತಿ ತೋರಿಸುವುದು ನ್ಯಾಯವಲ್ಲ.

ದಾರಿಯ ಆಯ್ಕೆಯಲ್ಲಿ ದೂರಲು ಏನೂ ಇಲ್ಲ. ಕುಮಟಾದ ಹೆಡ್ ಬಂದರಿನಿಂದ ಹೊರಟು ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲಗಳನ್ನು ಹಾದು ಅಘನಾಶಿನಿ ಎಂಬ ಊರನ್ನು ಸೇರುವುದು ಮೊದಲ ದಿನದ ನಡಿಗೆ. ಅದೇ ಹೆಸರಿನ ನದಿಯನ್ನು ದಾಟಿ ತದಡಿಯಿಂದ ಬೆಲೇಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ ಮತ್ತು ಕುಡ್ಲೆ ತೀರಗಳ ಮೂಲಕ ಗೋಕರ್ಣವನ್ನು ತಲುಪುವುದು ಎರಡನೆಯ ದಿನದ್ದು. ಕೆಲವರು ಬಸ್ಸಿನಲ್ಲೇ ಕಾಗಾಲದವರೆಗೆ ಹೋಗಿ, ಉಳಿದ ತುಣುಕನ್ನಷ್ಟೇ ನಡೆಸಿ, ಅದಕ್ಕೂ ಇದೇ ಹೆಸರಿಡುತ್ತಾರೆ. ಈ ಸಂಸ್ಥೆಯವರು ಕುಮಟಾದಿಂದಲೇ ನಡೆಸಿದರು. ದಕ್ಷಿಣದಿಂದ ಉತ್ತರಕ್ಕೆ ನಡೆಸುವುದೂ ಒಳ್ಳೆಯ ತೀರ್ಮಾನ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ದಿನದ ಬಹುಪಾಲು ಬೆನ್ನಿಗೇ ಬೀಳುತ್ತದೆ.

ತಪ್ಪಿರುವುದು ಹೊತ್ತಿನ ಲೆಕ್ಕ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಬಸ್ಸು ಬೆಳಿಗ್ಗೆ ಕುಮಟಾ ತಲುಪಿ, ಸ್ನಾನ, ಉಪಾಹಾರ, ಪರಸ್ಪರ ಪರಿಚಯ, ಸುರಕ್ಷತೆಯ ಸೂಚನೆಗಳೆಲ್ಲ ಮುಗಿಯುವಾಗ ಹತ್ತು ಗಂಟೆಯಾಗಿತ್ತು. ತೀರದಲ್ಲಿ ನಡೆಯುವವರಿಗೆ ಒದ್ದೆ ಮರಳೇ ರಸ್ತೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಗಟ್ಟಿಯಾದ ಮರಳಿನ ಪಟ್ಟೆಯನ್ನು ಬಿಟ್ಟುಕೊಡುತ್ತದೆ. ಭರತ ಏರಿದಾಗ ಕಾಲು ಹೂತುಹೋಗುವ ಒಣ ಮರಳಿನ ಮೇಲೆಯೇ ನಡೆಯಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ತೀರಗಳ ನಡುವೆ ಕಡಲಿಗೆ ಚಾಚಿಕೊಂಡಿರುವ ಚಿರೆಕಲ್ಲಿನ ಗುಡ್ಡಗಳ ಬುಡದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವ ದಾರಿ ಇಳಿತದಲ್ಲಿ ಮಾತ್ರ ತೆರೆದಿರುತ್ತದೆ. ನಾವು ಅಂಥ ಮೊದಲ ಗುಡ್ಡದ ಬಳಿಗೆ ಬಂದಾಗ ಭರತ ತುಂಬಿ, ಬಂಡೆಗಳ ಮೇಲೆ ನೊರೆ ಸಿಡಿಯುತ್ತಿತ್ತು. ನೆತ್ತಿಯ ಬಿಸಿಲಿನಲ್ಲಿ ಒಣಹುಲ್ಲಿನ ನಡುವೆ ಹತ್ತಬೇಕಾಯಿತು. ಸಣ್ಣ ಕೆಂಪು ಹರಳುಗಳು ಹೆಜ್ಜೆಯಡಿ ಉರುಳುತ್ತಿದ್ದವು, ಹಿಡಿದುಕೊಳ್ಳಲು ಕೇದಗೆಯ ಮುಳ್ಳಿನ ಎಲೆಗಳ ಹೊರತು ಬೇರೇನೂ ಇರಲಿಲ್ಲ. ಮೇಲಿನಿಂದ ಕಾಣುವ ಕಡಲು ಸುಂದರವಾಗಿದೆ ಎಂಬುದು ನಿಜ, ಆದರೆ ಅದನ್ನು ನೋಡುವ ಚೈತನ್ಯ ಗುಂಪಿನ ಅರ್ಧದಷ್ಟು ಜನರಲ್ಲಿ ಉಳಿದಿರಲಿಲ್ಲ.

ಇದು ಆಕಸ್ಮಿಕವಲ್ಲ ಎಂಬುದೇ ನನ್ನ ಆಕ್ಷೇಪ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಪ್ರತಿಯೊಂದೂ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳಲ್ಲಿ ಈ ಭಾಗದ ಭರತ ಬರುವುದು ಮಧ್ಯಾಹ್ನದ ಆಸುಪಾಸಿಗೆ, ಮತ್ತು ಅಂದೇ ನೀರಿನ ಏರಿಳಿತವೂ ಹೆಚ್ಚು. ಅಷ್ಟಮಿಯ ಹತ್ತಿರದ ದಿನಗಳಲ್ಲಿ ಏರಿಳಿತ ಸಣ್ಣದು, ಹಗಲಿನ ಇಳಿತವೂ ಮಧ್ಯಾಹ್ನಕ್ಕೆ ಸಮೀಪ. ಹೀಗಿರುವಾಗ ನಮ್ಮ ಸಂಸ್ಥೆ ‘ಹುಣ್ಣಿಮೆಯ ವಿಶೇಷ ನಡಿಗೆ’ಗೆ ಹೆಚ್ಚಿನ ಶುಲ್ಕ ವಿಧಿಸುತ್ತದೆ. ರಾತ್ರಿಯ ಬೆಳದಿಂಗಳಿಗೆ ಬೆಲೆ ಕಟ್ಟಿದವರು ಹಗಲಿನ ನೀರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹುಣ್ಣಿಮೆಯಂದೇ ಹೋಗಬೇಕೆಂದರೆ ನಸುಕಿನ ಇಳಿತವನ್ನು ಹಿಡಿದು ಆರು ಗಂಟೆಗೇ ಹೊರಡಬೇಕು. ಅದಕ್ಕೆ ಹಿಂದಿನ ರಾತ್ರಿಯೇ ಕುಮಟಾದಲ್ಲಿ ಉಳಿಯಬೇಕು. ಶನಿವಾರ ಬೆಳಿಗ್ಗೆ ಬಂದಿಳಿಯುವ ಬಸ್ಸಿಗೆ ಇದು ಹೊಂದುವುದಿಲ್ಲ.

ಸಂಸ್ಥೆಯ ಬೆಂಗಳೂರು ಕಚೇರಿಗೆ ತಿಳಿಯದ ಈ ಸಂಗತಿ ಅವರೇ ನೇಮಿಸಿಕೊಂಡ ಸ್ಥಳೀಯ ಮಾರ್ಗದರ್ಶಕನಿಗೆ ಚೆನ್ನಾಗಿ ತಿಳಿದಿತ್ತು. ಕಾಗಾಲದ ಕಡೆಯ, ಮೀನುಗಾರ ಮನೆತನದ ಆ ಯುವಕ ನೀರಿನತ್ತ ಒಮ್ಮೆ ನೋಡಿ, “ಈಗ ಭರತ, ಕೆಳಗೆ ಹೋಗೂಕಾಗುದಿಲ್ಲ, ಮೇಲಿಂದೇ ಹೋಗುವ” ಎಂದು ತೀರ್ಮಾನಿಸಿದ. ಗುಂಪಿನ ಕೆಲವರು ಬಂಡೆಗಳ ಮೇಲಿಂದಲೇ ಹೋಗುವ ಹಟ ಹಿಡಿದಾಗಲೂ ಒಪ್ಪಲಿಲ್ಲ. ಯಾವ ತೀರದಲ್ಲಿ ಸೆಳೆತ ಹೆಚ್ಚು, ಯಾವ ಮನೆಯ ಬಾವಿಯಿಂದ ನೀರು ಕೇಳಬಹುದು, ಗಾಳಿಮರದ ತೋಪು ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದೆಲ್ಲ ಅವನ ಬಾಯಲ್ಲಿತ್ತು. ವೇಳಾಪಟ್ಟಿ ಬರೆಯುವ ಕೆಲಸವನ್ನು ಇಂಥವನ ಕೈಗೆ ಕೊಟ್ಟಿದ್ದರೆ ಈ ವಿಮರ್ಶೆಯ ಅರ್ಧಭಾಗ ಬೇಕಾಗುತ್ತಿರಲಿಲ್ಲ.

ಊಟ ಮತ್ತು ವಾಸದ ವಿಷಯದಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಅಘನಾಶಿನಿಯ ಒಂದು ಮನೆಯಲ್ಲಿ ರಾತ್ರಿ ಕುಚ್ಚಲಕ್ಕಿ ಅನ್ನ, ಬಂಗಡೆಯ ಸಾರು, ಕಾಯಿತುರಿ ಹಾಕಿದ ಬಳಚಿನ (ಚಿಪ್ಪುಮೀನಿನ) ಸುಕ್ಕ; ಸಸ್ಯಾಹಾರಿಗಳಿಗೆ ತಂಬುಳಿ, ಪಲ್ಯ; ಎಲ್ಲರಿಗೂ ಮುರುಗಲಿನ ಕಡಿ. ಬಳಚು ಆ ಹೊಳೆಯದ್ದೇ. ಅಣೆಕಟ್ಟು ಕಾಣದೆ ಶಿರಸಿಯ ಕಡೆಯಿಂದ ಹರಿದು ಬರುವ ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಅಂದರೆ ರಾಮ್ಸರ್ ತಾಣಗಳ, ಪಟ್ಟಿಗೆ ಸೇರಿತು; ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸುವುದನ್ನು ಇಲ್ಲಿ ನೋಡಬಹುದು. ಮಲಗುವ ವ್ಯವಸ್ಥೆ ಜಗಲಿಯ ಮೇಲೆ ಚಾಪೆ, ಸೊಳ್ಳೆಪರದೆ. ಶೌಚಾಲಯಗಳು ಶುಚಿಯಾಗಿದ್ದವು, ಆದರೆ ಗುಂಪಿನ ಸಂಖ್ಯೆಗೆ ಸಾಲವು.

ಎರಡನೆಯ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಡವಿನ ದೋಣಿಯಲ್ಲಿ ತದಡಿಗೆ ದಾಟಿದ ಮೇಲೆ ದಾರಿ ಚಿಕ್ಕದು, ಹೆಚ್ಚಿನ ಭಾಗ ಗುಡ್ಡದ ಕಾಲುದಾರಿ, ಓಂ ತೀರದಿಂದ ಮುಂದೆ ಅಂಗಡಿ–ಹೋಟೆಲುಗಳ ಸಾಲು. ದೋಣಿ ತಪ್ಪಿದರೆ ಮಾತ್ರ ಮಿರ್ಜಾನ್, ಮಾದನಗೇರಿಗಳ ಮೂಲಕ ರಸ್ತೆಯಲ್ಲಿ ಸುತ್ತಬೇಕಾಗುವುದರಿಂದ ಕೊನೆಯ ದೋಣಿಯ ಹೊತ್ತನ್ನು ಮೊದಲೇ ಕೇಳಿ ತಿಳಿದಿರಬೇಕು.

ಹಾಗಾದರೆ ಈ ಪ್ಯಾಕೇಜ್ ಬೇಕೇ? ಮೊದಲ ಬಾರಿಗೆ ಹೋಗುವವರಿಗೆ, ಒಂಟಿಯಾಗಿ ಹೋಗಲು ಹಿಂಜರಿಯುವವರಿಗೆ, ಆ ಮಾರ್ಗದರ್ಶಕ ಮತ್ತು ಆ ಊಟಕ್ಕಾಗಿಯಾದರೂ ಬೇಕು ಎನ್ನುತ್ತೇನೆ. ನಾಲ್ಕೈದು ಮಂದಿ ಗೆಳೆಯರಿದ್ದರೆ ಸ್ವತಃ ಯೋಜಿಸುವುದು ಮೇಲು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾದಲ್ಲಿಯೂ ಗೋಕರ್ಣ ರೋಡ್‌ನಲ್ಲಿಯೂ ನಿಲ್ಲುತ್ತದೆ, ಆದ್ದರಿಂದ ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು. ಇಳಿದ ದಿನ ಕುಮಟಾದಲ್ಲೇ ಉಳಿದು, ಮರುದಿನ ನಸುಕಿಗೆ ನಡಿಗೆ ಆರಂಭಿಸಬೇಕು. ಭರತ–ಇಳಿತದ ಮುನ್ಸೂಚನೆಯನ್ನೂ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇಂಕಾಯ್ಸ್ (INCOIS) ಉಚಿತವಾಗಿ ಪ್ರಕಟಿಸುತ್ತದೆ. ಜಾಲ ಸಿಗದ ಕಡೆಗೆಂದು ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬಹುದು. ಕುಮಟಾ ಬದಿಯ ಕಡ್ಲೆಯನ್ನೂ ಗೋಕರ್ಣ ಬದಿಯ ಕುಡ್ಲೆಯನ್ನೂ ಹುಡುಕುವಾಗ ಅದಲುಬದಲು ಮಾಡಿಕೊಳ್ಳದಿದ್ದರೆ ಸಾಕು. ಸಂಸ್ಥೆಯ ಸೂಚನೆಯಲ್ಲಿ ‘ಟ್ರೆಕ್ಕಿಂಗ್ ಶೂ ಕಡ್ಡಾಯ’ ಎಂದಿದೆ. ಮರಳು ತುಂಬಿದ ಭಾರದ ಬೂಟುಗಳಿಗಿಂತ ಹಿಂಬದಿಗೆ ಪಟ್ಟಿಯಿರುವ ಗಟ್ಟಿ ಅಟ್ಟೆಯ ಚಪ್ಪಲಿಯೇ ಇಲ್ಲಿ ವಾಸಿ. ನೀರು ಎರಡು ಲೀಟರ್ ಸಾಕೆಂಬ ಅವರ ಮಾತನ್ನೂ ನಂಬಬಾರದು, ಮೂರು ಬೇಕು.

ಕೊನೆಯದಾಗಿ ಋತುವಿನ ವಿಷಯ. ನವೆಂಬರ್‌ನಿಂದ ಫೆಬ್ರುವರಿ ಈ ನಡಿಗೆಗೆ ಪ್ರಶಸ್ತ ಕಾಲ, ಆದರೆ ಈ ಸಂಸ್ಥೆ ಮೇ ಅಂತ್ಯದವರೆಗೂ ಬುಕಿಂಗ್ ತೆಗೆದುಕೊಳ್ಳುತ್ತದೆ. ದಕ್ಷಿಣದ ದೂರದ ಸಾಗರದಲ್ಲೆದ್ದ ಬಿರುಗಾಳಿಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನವೂ ಏಕಾಏಕಿ ದಡಕ್ಕೇರುವುದು ಮಳೆಗಾಲಕ್ಕೆ ಮುಂಚಿನ ಈ ತಿಂಗಳುಗಳಲ್ಲೇ. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇದನ್ನೇ. ನಮ್ಮ ಸಂಸ್ಥೆಯ ರದ್ದತಿ ನಿಯಮದಲ್ಲಿ ಮಳೆಯ ಪ್ರಸ್ತಾಪವಿದೆ, ಅಲೆಯದ್ದಿಲ್ಲ. ಎಪ್ರಿಲ್–ಮೇ ತಿಂಗಳಿಗೆ ಮುಂಗಡ ಕಟ್ಟುವವರು, ಅಲೆಯ ಎಚ್ಚರಿಕೆ ಹೊರಬಿದ್ದರೆ ನಡಿಗೆಯನ್ನು ಮುಂದೂಡುತ್ತಾರೆಯೇ, ಹಣವನ್ನು ಮರಳಿಸುತ್ತಾರೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.